ಲಿಸ್ಬನ್‌ನಲ್ಲಿ ಅಲ್ಲಿಯವರೇ ಮಾಡಿದ ಬಟ್ಟೆ, ಬ್ಯಾಗು, ಟೈಲ್ಸು, ಒಡವೆ ಎಲ್ಲಿ ತಗೋಬೇಕು?

ನೀವು ಕೇಳಿರೋದು ಇಷ್ಟು: ಅಪ್ಪ ಅಮ್ಮನ ಜೊತೆ ಲಿಸ್ಬನ್‌ಗೆ ಬರ್ತಿದೀರ, ಮಾಲ್ ಬೇಡ, ಪೋರ್ಚುಗಲ್‌ನಲ್ಲೇ ಮಾಡಿದ ಬಟ್ಟೆ, ಬ್ಯಾಗು, ಕೈಕೆಲಸದ ಸಾಮಾನು ಬೇಕು, ಅಮ್ಮಂಗೆ ಚಿನ್ನದ್ದೇನಾದ್ರೂ ಕೊಡಿಸ್ಬೋದಾ, ಚೌಕಾಸಿ ನಡಿಯುತ್ತಾ ಅಂತ. ನಾನು ಇದೇ ಊರಲ್ಲಿ ಕೆಲಸದಲ್ಲಿರೋದು, ನಮ್ಮ ಕಡೆಯಿಂದ ಯಾರೇ ಬಂದ್ರೂ ಅಂಗಡಿ ತೋರ್ಸೋ ಕೆಲಸ ನನಗೇ ಬೀಳುತ್ತೆ, ನನಗೂ ಅದು ಇಷ್ಟ. ಹಾಗಾಗಿ ಸ್ವಲ್ಪ ಉದ್ದಕ್ಕೇ ಬರೀತೀನಿ, ಬೇಜಾರ್ ಮಾಡ್ಕೋಬೇಡಿ.

ಮೊದಲನೇ ಮಾತು, ಒಂದೇ ಸಾಮಾನು ಮಾರೋ ಅಂಗಡಿ ಹುಡುಕಿ. ಟೋಪಿ ಅಂದ್ರೆ ಬರೀ ಟೋಪಿ, ಗ್ಲೌಸ್ ಅಂದ್ರೆ ಬರೀ ಗ್ಲೌಸ್, ಗುಂಡಿ ಅಂದ್ರೆ ಗೋಡೆ ತುಂಬ ಗುಂಡಿ, ಇಂಥ ಅಂಗಡಿಗಳು ಯುರೋಪಿನ ಬೇರೆ ರಾಜಧಾನಿಗಳಲ್ಲಿ ಬಾಡಿಗೆ ಕಟ್ಟಕ್ಕಾಗದೆ ಮುಚ್ಚಿಹೋಗ್ತಿವೆ, ಇಲ್ಲೂ ಮುಚ್ತಿವೆ, ಆದ್ರೆ ಇನ್ನೂ ಸುಮಾರು ಉಳ್ಕೊಂಡಿವೆ. ಅಂಥ ಹಳೇ ಅಂಗಡಿಗಳಿಗೆ ಲಿಸ್ಬನ್ ನಗರಸಭೆಯವರು 'ಲೋಜಾಸ್ ಕೋಂ ಇಸ್ತೋರಿಯಾ' ಅಂತ ಒಂದು ಮಾನ್ಯತೆ ಕೊಡ್ತಾರೆ, ಅದರ ಪಟ್ಟಿ ಆನ್‌ಲೈನ್‌ನಲ್ಲೇ ಸಿಗುತ್ತೆ, ಬರೋಕೆ ಮುಂಚೆ ಒಂದ್ಸಲ ನೋಡ್ಕೊಂಡು ಮ್ಯಾಪಲ್ಲಿ ಗುರುತು ಹಾಕಿಟ್ಕೊಳ್ಳಿ.

ಊರಿನ ಲೆಕ್ಕ ಅರ್ಥ ಆದ್ರೆ ಅರ್ಧ ಕೆಲಸ ಮುಗೀತು. 1755ರ ನವೆಂಬರ್ 1ನೇ ತಾರೀಕು ಆದ ಭೂಕಂಪದಲ್ಲಿ ಊರಿನ ಮಧ್ಯಭಾಗ ನೆಲಸಮ ಆಯ್ತು, ಆಮೇಲೆ ಆಗಿನ ರಾಜನ ಮಂತ್ರಿ ಮಾರ್ಕಿಸ್ ದ ಪೊಂಬಾಲ್ ಅದನ್ನ ಗೆರೆ ಎಳೆದಂಗೆ ನೇರ ಬೀದಿಗಳಾಗಿ ಕಟ್ಟಿಸಿದ, ಒಂದೊಂದು ಬೀದಿನ ಒಂದೊಂದು ಕಸುಬಿನವರಿಗೆ ಅಂತ ಬಿಟ್ರು. ನಮ್ಮ ಬೆಂಗಳೂರು ಪೇಟೆಲಿ ಅರಳೆಪೇಟೆ, ಅಕ್ಕಿಪೇಟೆ, ಬಳೇಪೇಟೆ ಇದ್ದಂಗೆ ಇಲ್ಲಿ ಬೈಶಾ ಅನ್ನೋ ಆ ಭಾಗದಲ್ಲಿ ಚಿನ್ನದವರ ಬೀದಿ, ಬೆಳ್ಳಿಯವರ ಬೀದಿ, ಚಪ್ಪಲಿ ಹೊಲಿಯೋರ ಬೀದಿ, ಬಟ್ಟೆ ವ್ಯಾಪಾರಿಗಳ ಬೀದಿ ಎಲ್ಲ ಇವೆ, ಹೆಸರುಗಳು ಈಗಲೂ ಹಾಗೇ ಇವೆ. ವ್ಯಾಪಾರ ಮಾತ್ರ ತುಂಬಾ ಕಡೆ ಬದಲಾಗಿದೆ. ಆದ್ರೆ ರುವಾ ದ ಕೊನ್ಸೈಸಾವ್ ಅನ್ನೋ ಬೀದಿಗೆ ಹೋಗಿ, 28ನೇ ನಂಬರ್ ಟ್ರಾಮ್ ಅಲ್ಲೇ ಹಾದುಹೋಗೋದು, ಅಲ್ಲಿ ಗುಂಡಿ, ಲೇಸು, ರಿಬ್ಬನ್ನು, ದಾರ, ಉಣ್ಣೆ ಮಾರೋ ಪುಟ್ಟ ಅಂಗಡಿಗಳು ಒಂದರ ಪಕ್ಕ ಒಂದು ಇವೆ. ಮರದ ಕೌಂಟರ್, ಅದರ ಹಿಂದೆ ಸೂರಿನವರೆಗೂ ಸಣ್ಣಸಣ್ಣ ಡ್ರಾಯರ್, ಪ್ರತಿ ಡ್ರಾಯರ್ ಮುಂದೆ ಒಳಗಿರೋ ಗುಂಡಿನೇ ಒಂದೊಂದು ಹೊಲಿದು ಅಂಟ್ಸಿರ್ತಾರೆ. ನಿಮ್ಮಮ್ಮ ಹೊಲಿಗೆ ಮಾಡ್ತಾರೆ ಅಂದ್ರೆ ಅವರನ್ನ ಅಲ್ಲಿಂದ ಹೊರಡ್ಸೋದು ಕಷ್ಟ. ಬ್ಲೌಸ್‌ಗೆ ಹಾಕ್ಸೋಕೆ ಲೇಸು ಮೀಟರ್ ಲೆಕ್ಕದಲ್ಲಿ ತಗೋಬೋದು, ಭಾರ ಇಲ್ಲ, ಒಡೆಯೋ ಭಯ ಇಲ್ಲ, ಕೊಟ್ಟವರಿಗೂ ಖುಷಿ. ಎಲ್ಲರೂ ಬಿಟ್ಟುಹೋಗೋ ಬೀದಿ ಅದು, ನನಗೆ ಮಾತ್ರ ಊರಲ್ಲೆಲ್ಲ ಅದೇ ಇಷ್ಟ.

ಗ್ಲೌಸ್‌ಗೆ ರುವಾ ದೊ ಕಾರ್ಮೊದಲ್ಲಿ ಲುವಾರಿಯಾ ಉಲಿಸೆಸ್, 1925ರಿಂದ ಇರೋ ಅಂಗಡಿ. ಅಂಗಡಿ ಅಂದ್ರೆ ನಮ್ಮ ಕಡೆ ಬೀಡಾ ಅಂಗಡಿಯಷ್ಟೇ ಜಾಗ, ಒಳಗೆ ಇಬ್ರು ಮೂರು ಜನ ನಿಂತ್ರೆ ಮುಗೀತು, ಹಾಗಾಗಿ ಹೊರಗಡೆ ಕ್ಯೂ ಇರುತ್ತೆ, ಆದ್ರೂ ನಿಂತ್ಕೊಳ್ಳಿ. ನಿಮ್ಮ ಕೈ ನೋಡಿಯೇ ಸೈಜ್ ಹೇಳ್ತಾರೆ, ಕೌಂಟರ್ ಮೇಲೆ ಒಂದು ಪುಟ್ಟ ದಿಂಬು ಇರುತ್ತೆ, ಅದರ ಮೇಲೆ ಮೊಣಕೈ ಊರಿ ಕೈ ಮೇಲಕ್ಕೆತ್ತಿ ಹಿಡೀಬೇಕು, ಅವರು ಮರದ ಇಕ್ಕಳ ತಗೊಂಡು ಗ್ಲೌಸಿನ ಒಂದೊಂದೇ ಬೆರಳನ್ನ ಒಳಗಿಂದ ಅಗಲಿಸಿ, ಸ್ವಲ್ಪ ಪೌಡರ್ ಉದುರಿಸಿ, ನಿಮ್ಮ ಬೆರಳಿಗೆ ಒಂದೊಂದಾಗಿ ಎಳೆದು ಕೂರಿಸ್ತಾರೆ. ಚರ್ಮ ಅಷ್ಟು ತೆಳು ಇರುತ್ತೆ, ಹಾಕ್ಕೊಂಡ್ರೆ ಮೈಗಂಟಿದಂಗೆ. ಬೆಂಗಳೂರಲ್ಲಿ ಯಾಕಪ್ಪ ಗ್ಲೌಸು ಅಂತೀರೇನೋ, ಚಳಿ ದೇಶದಲ್ಲಿ ನಿಮ್ಮವರು ಯಾರಾದ್ರೂ ಇದ್ರೆ ಇದಕ್ಕಿಂತ ಒಳ್ಳೇ ಉಡುಗೊರೆ ನನಗಂತೂ ಗೊತ್ತಿಲ್ಲ. ಅಗ್ಗ ಅಲ್ಲ, ಅದನ್ನ ಮೊದಲೇ ತಲೇಲಿಟ್ಕೊಂಡು ಹೋಗಿ. ಟೋಪಿ ಬೇಕಿದ್ರೆ ಅಲ್ಲಿಂದ ಎರಡು ಹೆಜ್ಜೆ ಹಾಕಿದ್ರೆ ರೊಸ್ಸಿಯೊ ಚೌಕದಲ್ಲಿ ಅಜೆವೇದೊ ರುವಾ ಅಂತ 1886ರ ಟೋಪಿ ಅಂಗಡಿ ಇದೆ, ನಿಮ್ಮಪ್ಪಂಗೆ ಅಲ್ಲೊಂದು ಕ್ಯಾಪ್ ಕೊಡ್ಸಿ.

ಬಟ್ಟೆ ವಿಷಯಕ್ಕೆ ಬಂದ್ರೆ ಅವೆನಿದಾ ದ ಲಿಬರ್ದಾದೆಲಿರೋ ದೊಡ್ಡ ಬ್ರ್ಯಾಂಡ್ ಅಂಗಡಿಗಳನ್ನ ಹೊರಗಡೆಯಿಂದ ನೋಡಿ ಸಾಕು, ಅದೇ ಬ್ಯಾಗು ದುಬೈಲೂ ಸಿಗುತ್ತೆ. ಇಲ್ಲಿಯದೇ ಅಂತ ಹೇಳೋಕೆ ನಾನು ತೋರ್ಸೋದು ಬುರೆಲ್ ಅನ್ನೋ ಉಣ್ಣೆ ಬಟ್ಟೆ. ಸೆರಾ ದ ಎಸ್ತ್ರೆಲಾ ಅನ್ನೋ ಬೆಟ್ಟದ ಸೀಮೆಲಿ ಕುರಿ ಕಾಯೋರು ಹೊದ್ಕೊಳ್ತಿದ್ದ ಬಟ್ಟೆ ಅದು, ನೇಯ್ದಾದ್ಮೇಲೆ ನೀರಲ್ಲಿ ನೆನೆಸಿ ಬಡಿದು ಬಡಿದು ಎಳೆಗಳೆಲ್ಲ ಒಂದಕ್ಕೊಂದು ಹೆಣೆದುಕೊಳ್ಳೋ ಹಾಗೆ ಮಾಡ್ತಾರೆ, ಆವಾಗ ಅದು ಕಂಬಳಿಗಿಂತ ಗಟ್ಟಿಯಾಗಿ, ಸಣ್ಣ ಮಳೆ ಒಳಗಿಳಿಯದಂಗೆ ಆಗುತ್ತೆ, ಕತ್ತರಿಸಿದ್ರೂ ಅಂಚು ಎಳೆಎಳೆಯಾಗಿ ಬಿಡಲ್ಲ. ನಮ್ಮ ಕಡೆ ಕರೀ ಕಂಬಳಿ ನೋಡಿದವರಿಗೆ ಕೈಗೆ ಸಿಕ್ಕ ತಕ್ಷಣ ಗೊತ್ತಾಗುತ್ತೆ ಇದೇನು ಅಂತ. ಮಂತೈಗಾಸ್ ಊರಲ್ಲಿ ಹಳೇ ಮಿಲ್ಲೊಂದನ್ನ ಎತ್ತಿ ನಿಲ್ಲಿಸಿದವರ ಬುರೆಲ್ ಫ್ಯಾಕ್ಟರಿ ಅಂಗಡಿ ಬೈಶಾ ಪಕ್ಕದ ಶಿಯಾದೊ ಬಡಾವಣೆಲಿದೆ, ಕೋಟು, ಬ್ಯಾಗು, ದಿಂಬು ಎಲ್ಲ ಸಿಗುತ್ತೆ. ಈಗಿನ ಕಾಲದ ಡಿಸೈನರ್‌ಗಳದ್ದು ಬೇಕಂದ್ರೆ ಪ್ರಿನ್ಸಿಪೆ ರೆಯಾಲ್ ಬಡಾವಣೆಲಿ ಎಂಬೈಶಾದಾ ಅಂತ 19ನೇ ಶತಮಾನದ ಅರಮನೆಯಂಥ ಮನೆ, ಅರಬ್ ಶೈಲಿಯ ಕಮಾನು, ಮಧ್ಯೆ ಅಂಗಳ, ಸುತ್ತಲ ಕೋಣೆಗಳಲ್ಲಿ ಒಂದೊಂದು ಅಂಗಡಿ. ರೇಟು ಜಾಸ್ತಿನೇ.

ಕಾರ್ಕ್ ಬ್ಯಾಗಿನ ಬಗ್ಗೆ ಎಲ್ಲರೂ ಕೇಳ್ತಾರೆ. ಪ್ರಪಂಚದ ಕಾರ್ಕಿನಲ್ಲಿ ಸುಮಾರು ಅರ್ಧ ಪೋರ್ಚುಗಲ್‌ನಿಂದಲೇ ಬರೋದು. ಮರ ಕಡಿಯಲ್ಲ, ತೊಗಟೆ ಮಾತ್ರ ಸುಲೀತಾರೆ, ಅದೂ ಮರ ಸುಮಾರು 25 ವರ್ಷ ಬೆಳೆದ ಮೇಲೆ ಮೊದಲನೇ ಸಲ, ಆಮೇಲೆ 9 ವರ್ಷಕ್ಕೊಂದು ಸಲ, ಸುಲಿದ ವರ್ಷದ ಕೊನೇ ಅಂಕಿನ ಬಿಳೀ ಬಣ್ಣದಲ್ಲಿ ಕಾಂಡದ ಮೇಲೆ ಬರೆದಿರ್ತಾರೆ, ರೈಲಲ್ಲೋ ಕಾರಲ್ಲೋ ದಕ್ಷಿಣದ ಕಡೆ ಹೋದ್ರೆ ನೀವೇ ನೋಡ್ಬೋದು. ಒಂದು ತಲೆಮಾರು ಕಾಯ್ದು ಬರೋ ಸಾಮಾನು ರುವಾ ಔಗುಸ್ತಾದ ಸುವನೀರ್ ಅಂಗಡಿಲಿ ಫ್ರಿಜ್ ಮ್ಯಾಗ್ನೆಟ್ ಪಕ್ಕದಲ್ಲಿ ರಾಶಿ ಬಿದ್ದಿರೋದು ನೋಡಿದ್ರೆ ನನಗೆ ಸಂಕಟ ಆಗುತ್ತೆ. ಬ್ಯಾಗು ನೋಡುವಾಗ ಒಳಗಡೆ ಕೈ ಹಾಕಿ, ಕಾರ್ಕಿನ ತೆಳು ಹಾಳೆನ ಬಟ್ಟೆ ಮೇಲೆ ಅಂಟ್ಸಿರ್ತಾರೆ, ಒಳ್ಳೇದಾದ್ರೆ ಮಡಚಿದ ಜಾಗದಲ್ಲಿ ಬಿರುಕು ಬಿಡಲ್ಲ, ಹೊಲಿಗೆ ಸಾಲು ನೆಟ್ಟಗಿರುತ್ತೆ, ಜಿಪ್ ಗಟ್ಟಿ ಇರುತ್ತೆ. ಎಲ್ಲಿ ಹೊಲಿದಿದ್ದು ಅಂತ ಬಾಯ್ಬಿಟ್ಟು ಕೇಳಿ. ಗೊತ್ತಿರೋರು ಊರಿನ ಹೆಸರೇ ಹೇಳ್ತಾರೆ.

ಈಗ ಟೈಲ್ಸ್, ಅಂದ್ರೆ ಅಜುಲೇಜು. ಇದ್ರಲ್ಲಿ ನಾನು ಸ್ವಲ್ಪ ಗಟ್ಟಿಯಾಗೇ ಹೇಳ್ತೀನಿ, ದಯವಿಟ್ಟು ಹಳೇ ಟೈಲ್ ಬಿಡಿಬಿಡಿಯಾಗಿ ಮಾರ್ತಿದ್ರೆ ತಗೋಬೇಡಿ. ಮಂಗಳವಾರ, ಶನಿವಾರ ಸಾಂತಾ ಕ್ಲಾರಾ ಮೈದಾನದಲ್ಲಿ ಫೈರಾ ದ ಲಾದ್ರಾ ಅಂತ ಸಂತೆ ನಡಿಯುತ್ತೆ, ಹಳೇ ಪುಸ್ತಕ, ಪಿಂಗಾಣಿ, ಬಟ್ಟೆ, ನಾಣ್ಯ ಎಲ್ಲ ಸಿಗುತ್ತೆ, ಖಂಡಿತ ಹೋಗಿ, ಚೌಕಾಸಿ ನಡಿಯೋದೂ ಅಲ್ಲೇ, ಅಂಗಡಿಗಳಲ್ಲಿ ಇಲ್ಲ. ಆದ್ರೆ ಹಳೇ ಟೈಲ್ಸ್ ಅಂತ ಸಿಗೋದ್ರಲ್ಲಿ ಎಷ್ಟೋ ಯಾವುದೋ ಮನೆ ಗೋಡೆಯಿಂದ ರಾತ್ರೋರಾತ್ರಿ ಕಿತ್ತು ತಂದಿರೋದು. ಈ ಕಳ್ಳತನ ತಡೆಯೋಕಂತಲೇ 2007ರಲ್ಲಿ ಪೊಲೀಸ್ ಮ್ಯೂಸಿಯಂನವರು ಎಸ್‌ಒಎಸ್ ಅಜುಲೇಜು ಅಂತ ಶುರು ಮಾಡಿದ್ರು, 2017ರಲ್ಲಿ ಟೈಲ್ಸ್ ಇರೋ ಮುಂಗೋಡೆಗಳನ್ನ ಕಾಪಾಡೋಕೆ ದೇಶಕ್ಕೆಲ್ಲ ಅನ್ವಯ ಆಗೋ ಕಾನೂನೂ ಬಂತು. ಆಲ್ಫಾಮಾ ಅನ್ನೋ ಹಳೇ ಬಡಾವಣೆ ಕಡೆ ನಡೀತಾ ನೋಡಿ, ನೀಲಿ ಗೋಡೆ ಮಧ್ಯೆ ಕೈಗೆಟುಕೋ ಎತ್ತರದಲ್ಲಿ ಮಾತ್ರ ಬರೀ ಗಾರೆ ಕಾಣೋ ಮನೆಗಳಿವೆ. ಕೊಳ್ಳೋರಿದ್ದಷ್ಟು ದಿನ ಕೀಳೋರು ಇರ್ತಾರೆ.

ಬದಲಿಗೆ ಹೊಸದಾಗಿ ಕೈಯಲ್ಲೇ ಮಾಡಿದ್ದು ತಗೊಳ್ಳಿ. ಸಾಂತಾನಾ ಅನ್ನೋರು 1741ರಿಂದ ಮಾಡ್ತಿದಾರೆ, ಅವರ ಅಂಗಡಿ ರುವಾ ದೊ ಅಲೆಕ್ರಿಂನಲ್ಲಿ. ಜೇಡಿಮಣ್ಣಿನ ಬಿಲ್ಲೆನ ಒಂದ್ಸಲ ಸುಟ್ಟು, ಬಿಳೀ ಗ್ಲೇಜ್‌ನಲ್ಲಿ ಅದ್ದಿ, ಚಿತ್ರದ ಗೆರೆಗುಂಟ ಸೂಜಿಲಿ ತೂತು ಹಾಕಿರೋ ಕಾಗದನ ಅದರ ಮೇಲಿಟ್ಟು ಇದ್ದಿಲು ಪುಡಿ ಕಟ್ಟಿದ ಬಟ್ಟೆಲಿ ತಟ್ತಾರೆ, ನಮ್ಮ ಕಡೆ ರಂಗೋಲಿ ಅಚ್ಚಿನ ಡಬ್ಬಿ ತಟ್ಟಿದಂಗೆ ಚುಕ್ಕಿ ಮೂಡುತ್ತೆ. ಆಮೇಲೆ ಬ್ರಷ್‌ನಲ್ಲಿ ಬಣ್ಣ. ಗ್ಲೇಜ್ ಆವಾಗಿನ್ನೂ ಹಸೀ ಪುಡಿ ಥರ ಇರೋದ್ರಿಂದ ಬಣ್ಣನ ಇಟ್ಟ ಕ್ಷಣಕ್ಕೇ ಹೀರ್ಕೊಂಡ್‌ಬಿಡುತ್ತೆ, ಅಳಿಸೋ ಮಾತಿಲ್ಲ, ಕೈ ನಡುಗಿದ್ರೆ ನಡುಗಿದ್ದೇ. ಅದಾದ್ಮೇಲೆ ಇನ್ನೊಂದ್ಸಲ ಭಟ್ಟಿ. ಕೈಯಲ್ಲಿ ಮಾಡಿದ್ದು ಅಂತ ಕಂಡುಹಿಡಿಯೋಕೆ ಟೈಲನ್ನ ಬೆಳಕಿಗೆ ಓರೆಯಾಗಿ ಹಿಡೀರಿ, ಮೇಲ್ಮೈ ಸಣ್ಣಗೆ ಏರುಪೇರು ಕಾಣ್ಬೇಕು, ಗೆರೆ ಒಂದು ಕಡೆ ದಪ್ಪ ಒಂದು ಕಡೆ ತೆಳು ಇರ್ಬೇಕು, ಒಂದೇ ಡಿಸೈನಿನ ಎರಡು ಟೈಲ್ ಪಕ್ಕಪಕ್ಕ ಇಟ್ರೆ ವ್ಯತ್ಯಾಸ ಇರ್ಲೇಬೇಕು. ಪ್ರಿಂಟ್ ಆಗಿರೋದ್ರಲ್ಲಿ ಎಲ್ಲ ಒಂದೇ ಸಮ. ದೇವರಮನೆ ಬಾಗಿಲ ಮೇಲೆ ಕೂರ್ಸೋಕೆ ನಾಲ್ಕು ಸಾಕು. ತೂಕ ಇರೋದ್ರಿಂದ ಚೆಕ್-ಇನ್ ಬ್ಯಾಗಲ್ಲಿ ಬಟ್ಟೆ ಮಧ್ಯೆ ಇಡಿ, ಮಲಗಿಸಬೇಡಿ, ನಿಲ್ಲಿಸಿ ಇಡಿ.

ಚಿನ್ನ. ಇಲ್ಲಿಯ ವಿಶೇಷ ಫಿಲಿಗ್ರಾನಾ, ಅಂದ್ರೆ ಕೂದಲೆಳೆಯಂಥ ಎರಡು ತಂತಿ ಹೊಸೆದು, ಚಪ್ಪಟೆ ಮಾಡಿ, ಸುರುಳಿ ಸುತ್ತಿ ಚೌಕಟ್ಟಿನೊಳಗೆ ತುಂಬಿ ಬೆಸೆಯೋದು. ಮಾಡೋರು ಹೆಚ್ಚಾಗಿ ಉತ್ತರದ ಗೊಂದೊಮಾರ್, ಪೊವೊವಾ ದೆ ಲಾನ್ಯೊಸೊ ಕಡೆಯವರು, ಹೃದಯದ ಆಕಾರದ ವಿಯಾನಾ ಪದಕ ತುಂಬಾ ಫೇಮಸ್. ಆದ್ರೆ ನಿಮ್ಮಮ್ಮ ಒಂದು ವಿಷಯ ತಿಳ್ಕೊಂಡಿರ್ಲಿ, ಪೋರ್ಚುಗಲ್‌ನ ರೂಢಿಯ ಚಿನ್ನ 19.2 ಕ್ಯಾರೆಟ್, ಮುದ್ರೆಲಿ 800 ಅಂತಿರುತ್ತೆ, ನಮ್ಮ 22 ಕ್ಯಾರೆಟ್‌ನ 916 ಅಲ್ಲ. ನಾಳೆ ನಮ್ಮೂರ ಅಂಗಡಿಲಿ ಎಕ್ಸ್‌ಚೇಂಜ್‌ಗೆ ಹಾಕಿದ್ರೆ ಮಜೂರಿ ದುಡ್ಡು ಪೂರ್ತಿ ಹೋದಂಗೇ ಲೆಕ್ಕ, ಈ ಒಡವೆಲಿ ಬೆಲೆ ಇರೋದೇ ಮಜೂರಿಗೆ. ಕೂಡಿಡೋಕೆ ಅಂತ ತಗೋಬೇಡಿ, ಹಾಕ್ಕೊಳ್ಳೋಕೆ ಅಂತಾದ್ರೆ ಬೆಳ್ಳಿದೇ ತಗೊಳ್ಳಿ, 925 ಬೆಳ್ಳಿಲಿ ಅದೇ ಕೆಲಸ ಅಷ್ಟೇ ಚೆನ್ನಾಗಿ ಸಿಗುತ್ತೆ. ಲೆನ್ಸ್ ಕೇಳಿ ಇಸ್ಕೊಂಡು ನೋಡಿ, ನಿಜವಾದ್ದಾದ್ರೆ ತಂತಿ ಹುರಿ ಕಾಣುತ್ತೆ, ಸುರುಳಿಗಳ ಮಧ್ಯೆ ಬೆಳಕು ತೂರಿ ಬರುತ್ತೆ. ಅಚ್ಚಿಗೆ ಹೊಯ್ದದ್ದಾದ್ರೆ ಗೆರೆ ನುಣುಪಾಗಿ ಒಂದೇ ತುಂಡು ಥರ ಇರುತ್ತೆ.

ಸಣ್ಣಪುಟ್ಟ ಉಡುಗೊರೆ ಎಲ್ಲ ಒಂದೇ ಕಡೆ ಮುಗಿಸ್ಬೇಕು ಅಂದ್ರೆ ಇಂತೆಂದೆಂತೆ ಚೌಕದಲ್ಲಿರೋ ಎ ವಿದಾ ಪೋರ್ಚುಗೇಜಾ. ಕತರೀನಾ ಪೋರ್ತಾಸ್ ಅನ್ನೋ ಪತ್ರಕರ್ತೆ 2007ರಲ್ಲಿ ಶುರು ಮಾಡಿದ್ದು, ಈ ದೇಶದಲ್ಲೇ ತಯಾರಾಗೋ ಹಳೇ ಸೋಪು, ನೋಟ್‌ಬುಕ್ಕು, ಟವೆಲು, ಪಿಂಗಾಣಿನ ಹುಡುಕಿ ತಂದು ಮಾರ್ತಾರೆ. ಆಫೀಸಿನವರಿಗೆ ಸೋಪು ಒಯ್ಯಿರಿ.

ಇನ್ನು ದುಡ್ಡಿನ ವಿಷಯ. ಇಲ್ಲಿ ವ್ಯಾಟ್ 23%. ನೀವು ಭಾರತದಲ್ಲಿ ವಾಸ ಇರೋರಾದ್ರಿಂದ ಒಂದು ಬಿಲ್ಲು ತೆರಿಗೆ ಸೇರಿ 61.50 ಯೂರೋ ದಾಟಿದ್ರೆ ಟ್ಯಾಕ್ಸ್ ಫ್ರೀ, ಅಂದ್ರೆ ಕಟ್ಟಿದ ತೆರಿಗೆ ವಾಪಸ್ ಕೇಳ್ಬೋದು, ಪಾಸ್‌ಪೋರ್ಟ್ ಜೊತೆಲಿರ್ಲಿ, ಅಂಗಡಿಯವರು ಕಂಪ್ಯೂಟರ್‌ನಲ್ಲೇ ಹಾಕ್ತಾರೆ. ಕಮಿಷನ್ ಕಳೆದು ಬರೋದ್ರಿಂದ 23% ಪೂರ್ತಿ ಕೈಗೆ ಸಿಗಲ್ಲ. ಏರ್‌ಪೋರ್ಟಲ್ಲಿ ಬ್ಯಾಗ್ ಕೊಡೋಕೆ ಮುಂಚೆ ಇ-ಟ್ಯಾಕ್ಸ್‌ಫ್ರೀ ಮಷೀನ್ ಹತ್ರ ಹೋಗಿ, ಸಾಮಾನು ತೋರ್ಸಿ ಅಂದ್ರೆ ತೋರ್ಸೋ ಹಾಗಿರ್ಬೇಕು. ಹಳೇ ಅಂಗಡಿಗಳು ಭಾನುವಾರ ಮುಚ್ಚಿರುತ್ತೆ, ಕೆಲವು ಶನಿವಾರ ಮಧ್ಯಾಹ್ನಕ್ಕೇ ಶಟರ್ ಎಳೀತಾರೆ, ಹಾಗಾಗಿ ಬೈಶಾ, ಶಿಯಾದೊ ಎರಡನ್ನೂ ವಾರದ ದಿನವೇ ಇಟ್ಕೊಳ್ಳಿ. ಅಪ್ಪ ಅಮ್ಮಂಗೆ ಮಂಡಿ ನೋವಿದ್ರೆ ಸಂತೆಗೆ ಟ್ರಾಮ್ ಬೇಡ, ಟ್ಯಾಕ್ಸಿಲೇ ಹೋಗಿ, 28ರಲ್ಲಿ ನೂಕುನುಗ್ಗಲು, ಜೇಬುಗಳ್ಳರ ಕಾಟನೂ ಜಾಸ್ತಿ. ಯಾವ ತಿಂಗಳು ಬರ್ತೀರಿ ಅಂತ ಕೆಳಗೆ ಬರೀರಿ, ಜನವರಿ ಅಥವಾ ಜುಲೈ ಆದ್ರೆ ಸೇಲ್ ಇರುತ್ತೆ, ಶೂ ಎಲ್ಲಿ ತಗೋಬೇಕು ಅಂತ ಆವಾಗ ಬೇರೆ ಹೇಳ್ತೀನಿ.