ನೆರಿಗೆ ಹಿಡಿದವಳ ಉತ್ತರ: ಕಿಲ್ಟ್ ಬಗ್ಗೆ ನೀವು ಕೇಳಿದ್ದು

ಸ್ಕಾಟ್ಲೆಂಡಿನ ಎಡಿನ್‌ಬರಾದಲ್ಲಿ ಹದಿನಾಲ್ಕು ವರ್ಷದಿಂದ ಕಿಲ್ಟ್ ಹೊಲಿಯುತ್ತಿದ್ದೇನೆ. ಇಲ್ಲಿನ ಗಂಡಸರು ಮಂಡಿವರೆಗೆ ಉಡುವ ನೆರಿಗೆಯ ಬಟ್ಟೆ ಅದು. ಊರು ರಾಣೆಬೆನ್ನೂರು. ನಮ್ಮವ್ವ ಮನೆಯಲ್ಲೇ ಜಂಪರ್ ಹೊಲಿಯುತ್ತಿದ್ದಳು, ಸೂಜಿ ಹಿಡಿಯೋದನ್ನು ಕಲಿತದ್ದು ಅವಳ ಪಕ್ಕ ಕೂತು. ಹೋದ ಸಂಚಿಕೆಯಲ್ಲಿ ನನ್ನ ಕೆಲಸದ ಬಗ್ಗೆ ನಾಲ್ಕು ಮಾತು ಬರೆದಿದ್ದೆ. ಆಮೇಲೆ ಇಷ್ಟೊಂದು ಪತ್ರ ಬರುತ್ತವೆ ಅಂದುಕೊಂಡಿರಲಿಲ್ಲ. ಕೆಲವಕ್ಕೆ ಇಲ್ಲಿ ಉತ್ತರಿಸುತ್ತೇನೆ.

ಜೊತೆಗೆ ಕೆಲಸ ಮಾಡುವ ಗೆಳೆಯ ತನ್ನ ಮದುವೆಗೆ ಕಿಲ್ಟ್ ಹಾಕಿಕೊಂಡು ಬಾ ಅಂದಿದ್ದಾನೆ. ನಾನು ಕೊಪ್ಪಳದವನು, ನನಗೆ ಯಾವ ಕ್ಲಾನೂ ಇಲ್ಲ. ಹಾಕಿಕೊಂಡರೆ ತಪ್ಪಾಗುತ್ತಾ? ಯಾವ ಟಾರ್ಟನ್ ತಗೊಳ್ಳಲಿ?
ಓದುಗರು, ಅಬರ್ಡೀನ್

ಮೊದಲು ಒಂದು ಮಾತು. ಪ್ಯಾಂಟ್ ಹಾಕ್ತೀವಿ, ಪಂಚೆ ಉಡ್ತೀವಿ, ಅಲ್ವಾ? ಕಿಲ್ಟನ್ನೂ ಉಡಬೇಕು. ಸೊಂಟಕ್ಕೆ ಸುತ್ತಿ ಕಟ್ಟುವ ಬಟ್ಟೆ ಅದು.

ತಪ್ಪೇನೂ ಇಲ್ಲ, ಧೈರ್ಯವಾಗಿ ಉಡಿ. ನಮ್ಮ ಮನೆ ಮದುವೆಗೆ ಬಂದ ಹೊರದೇಶದ ಗೆಳೆಯ ಪಂಚೆ ಉಟ್ಟು ಪಂಕ್ತಿಯಲ್ಲಿ ಕೂತರೆ ಮನೆಮಂದಿಗೆಲ್ಲ ಎಷ್ಟು ಖುಷಿ ಆಗುತ್ತೆ! ಅವರಿಗೂ ಹಾಗೇ ಆಗುತ್ತೆ.

ಕ್ಲಾನ್ ಅಂದರೆ ಒಂದು ಮನೆತನದ ಹೆಸರಿಗೆ ಸೇರಿದ ಬಳಗ. ಟಾರ್ಟನ್ ಅಂದರೆ ಬಣ್ಣಬಣ್ಣದ ಗೆರೆಗಳ ಚೌಕುಳಿ ಬಟ್ಟೆ. ಇಂಥ ಮನೆತನಕ್ಕೆ ಇಂಥದೇ ಟಾರ್ಟನ್ ಅನ್ನೋದು ತೀರಾ ಹಳೇ ಕಟ್ಟುಪಾಡಲ್ಲ. 1822ರಲ್ಲಿ ದೊರೆ ನಾಲ್ಕನೇ ಜಾರ್ಜ್ ಎಡಿನ್‌ಬರಾಕ್ಕೆ ಬಂದಾಗ ಸ್ವಾಗತದ ಉಸ್ತುವಾರಿ ಕಾದಂಬರಿಕಾರ ಸರ್ ವಾಲ್ಟರ್ ಸ್ಕಾಟ್ ಅವರದ್ದು. ದೊಡ್ಡವರೆಲ್ಲ ಟಾರ್ಟನ್ ಉಟ್ಟು ಬಂದರು, ದೊರೆ ಕೂಡ ಉಟ್ಟ. ಆ ಭರಾಟೆಯ ಕಾಲದಲ್ಲೇ ಮನೆತನಕ್ಕೊಂದು ಟಾರ್ಟನ್ ಅನ್ನೋ ಲೆಕ್ಕ ಗಟ್ಟಿಯಾಯಿತು. ಬಾಲ್ಮೊರಲ್ ಅನ್ನೋದು ಮಾತ್ರ ರಾಜಮನೆತನಕ್ಕೆ ಮೀಸಲು, ಅದನ್ನು ಬಿಡಿ. ಬ್ಲ್ಯಾಕ್ ವಾಚ್ ಅಂತ ಒಂದಿದೆ. ಕಡುನೀಲಿ, ಹಸಿರು, ಕಪ್ಪು. ಅದನ್ನು ಯಾರು ಬೇಕಾದರೂ ಉಡಬಹುದು. ನಮ್ಮ ಮೈಬಣ್ಣಕ್ಕೆ ಚೆನ್ನಾಗಿ ಒಪ್ಪುತ್ತೆ ಕೂಡ. ಇಲ್ಲಿನ ಸಿಖ್ಖರು 1999ರಲ್ಲಿ ಸಿಂಗ್ ಅನ್ನೋ ಹೆಸರಲ್ಲಿ ತಮ್ಮದೇ ಟಾರ್ಟನ್ ಮಾಡಿಸಿಕೊಂಡರು. ಹೊಸ ಟಾರ್ಟನ್‌ಗಳನ್ನು ಬರೆದಿಡೋಕೆ 2009ರಿಂದ ಸರ್ಕಾರದ್ದೇ ಒಂದು ದಾಖಲೆ ಪುಸ್ತಕ ಇದೆ.

ಆದರೆ ನೀವು ಮೊದಲು ಮದುಮಗನನ್ನೇ ಕೇಳಿ. ಗಂಡಿನ ಕಡೆಯವರೆಲ್ಲ ಒಂದೇ ಟಾರ್ಟನ್ ಉಡೋದು ಇಲ್ಲಿ ರೂಢಿ, ಒಟ್ಟಿಗೇ ಬಾಡಿಗೆಗೆ ತರಿಸಿರಬಹುದು. ಒಂದು ದಿನಕ್ಕೋಸ್ಕರ ನೂರಾರು ಪೌಂಡ್ ಕೊಟ್ಟು ಹೊಲಿಸಬೇಡಿ.

ಉಡುವಾಗ ನೆರಿಗೆ ಹಿಂದಕ್ಕೆ, ಸಪಾಟು ಭಾಗ ಮುಂದಕ್ಕೆ. ಪ್ಯಾಂಟ್ ನಿಲ್ಲುವ ಜಾಗದಲ್ಲಿ ಕಟ್ಟಬೇಡಿ, ಹೊಕ್ಕುಳ ಮಟ್ಟಕ್ಕೆ ಏರಿಸಿ ಕಟ್ಟಿ. ಕೆಳಅಂಚು ಮಂಡಿಚಿಪ್ಪಿನ ಹತ್ತಿರ ನಿಲ್ಲಬೇಕು. ಸ್ಪೋರನ್ ಅನ್ನೋ ಚರ್ಮದ ಚೀಲ ಮುಂದೆ ನೇತಾಡುತ್ತೆ. ಕಿಲ್ಟಿಗೆ ಜೇಬಿಲ್ಲ ನೋಡಿ, ಫೋನು, ದುಡ್ಡು ಎಲ್ಲ ಅದರಲ್ಲೇ. ಮುಂದೆ ಬಟ್ಟೆ ಒಂದರ ಮೇಲೊಂದು ಎರಡು ಪದರ ಬರುತ್ತೆ, ಅಲ್ಲಿ ಹಾಕುವ ಪಿನ್ನನ್ನು ಮೇಲಿನ ಪದರಕ್ಕೆ ಮಾತ್ರ ಚುಚ್ಚಿ. ಎರಡೂ ಪದರ ಸೇರಿಸಿ ಚುಚ್ಚಿದರೆ ಕುಣಿಯುವಾಗ ಬಟ್ಟೆ ಹರಿಯುತ್ತೆ. ಅವತ್ತು ರಾತ್ರಿ ಕೇಲಿ ಅನ್ನೋ ಕುಣಿತ ಇದ್ದೇ ಇರುತ್ತೆ, ನಿಮ್ಮನ್ನು ಸುಮ್ನೆ ಕೂರಲು ಬಿಡೋದಿಲ್ಲ.

ಗ್ಲಾಸ್ಗೋದಲ್ಲಿರುವ ಮಗ ಶುಕ್ರವಾರ ಆಫೀಸಿಗೆ ಕಿಲ್ಟಿನಲ್ಲಿ ಹೋಗುತ್ತಾನೆ. ಫೋಟೋ ನೋಡಿ ನೆಂಟರು "ಲಂಗ ಹಾಕ್ಕೊಂಡಿದ್ದಾನೆ" ಅಂತ ನಗುತ್ತಾರೆ. ನನಗೆ ಬೇಜಾರಾಗುತ್ತೆ.
ಒಬ್ಬ ತಾಯಿ, ಮೈಸೂರು

ಅಮ್ಮ, ನೀವು ಬೇಜಾರು ಮಾಡ್ಕೋಬೇಡಿ. ನೆಂಟರಿಗೆ ಹೀಗೆ ಹೇಳಿ ನೋಡಿ.

ನಮ್ಮ ಕಡೆ ಕುರಿ ಕಾಯುವವರ ಕಂಬಳಿ ಇದೆಯಲ್ಲ, ಮಳೆ ಬಂದರೆ ಕೊಪ್ಪೆ, ಮಲಗಿದರೆ ಹೊದಿಕೆ. ಸ್ಕಾಟ್ಲೆಂಡಿನ ಹೈಲ್ಯಾಂಡ್ಸ್ ಅನ್ನೋ ಗುಡ್ಡಗಾಡಿನ ಗಂಡಸರಿಗೂ ಅಂಥದ್ದೇ ಒಂದು ಉಣ್ಣೆ ಬಟ್ಟೆ ಇತ್ತು. 16ನೇ ಶತಮಾನದ ಕೊನೆಯ ಹೊತ್ತಿಗೆ ಅದನ್ನು ಸೊಂಟದ ಹತ್ತಿರ ನೆರಿಗೆ ಹಿಡಿದು, ಬೆಲ್ಟು ಬಿಗಿದು, ಉಳಿದದ್ದನ್ನು ಹೆಗಲಿಗೆ ಹಾಕಿಕೊಳ್ಳುತ್ತಿದ್ದರು. ಹೊಲಿಗೆ ಇಲ್ಲ, ಗುಂಡಿ ಇಲ್ಲ. ಒದ್ದೆ ನೆಲ, ಹಳ್ಳ, ಜೌಗು ಇರುವ ಸೀಮೆ ಅದು. ಕಾಲು ನೆನೆದರೆ ಒರೆಸಿಕೊಂಡರಾಯಿತು, ಬಟ್ಟೆ ಅಂಟಿಕೊಳ್ಳೋದಿಲ್ಲ. ರಾತ್ರಿ ಬೆಲ್ಟು ಬಿಚ್ಚಿದರೆ ಅದೇ ಹಾಸಿಗೆ, ಅದೇ ಹೊದಿಕೆ. ಮೇಲಿನ ಭಾಗ ಬಿಟ್ಟು ಕೆಳಗಿನದ್ದಷ್ಟೇ ಉಡುವ ಸಣ್ಣ ಕಿಲ್ಟ್ 18ನೇ ಶತಮಾನದಲ್ಲಿ ಬಳಕೆಗೆ ಬಂತು. ನಿಮ್ಮ ಮಗ ಉಡೋದು ಅದನ್ನೇ.

ಈ ಬಟ್ಟೆಗಾಗಿ ಜನ ಜೈಲಿಗೂ ಹೋಗಬೇಕಾಗಿದ್ದ ಕಾಲ ಇತ್ತು. 1746ರ ಏಪ್ರಿಲ್ 16ರಂದು ಕಲೋಡನ್ ಕಾಳಗದಲ್ಲಿ, ದೊರೆಯ ವಿರುದ್ಧ ಎದ್ದಿದ್ದ ಹೈಲ್ಯಾಂಡಿನವರ ದಂಡು ಸೋತಿತು. ಅದೇ ವರ್ಷ ಲಂಡನ್ನಿನ ಸಂಸತ್ತು ಅವರ ಉಡುಪನ್ನೇ ನಿಷೇಧಿಸಿತು. ಮೊದಲ ಸಲ ಸಿಕ್ಕಿಬಿದ್ದರೆ ಆರು ತಿಂಗಳು ಜೈಲು. ಎರಡನೇ ಸಲ ಸಿಕ್ಕಿದರೆ ಏಳು ವರ್ಷ ಕಡಲಾಚೆಗೆ ಗಡಿಪಾರು. ಸೈನ್ಯಕ್ಕೆ ಸೇರಿದವರಿಗೆ ಮಾತ್ರ ಉಡೋಕೆ ಬಿಟ್ಟರು. ಆ ಕಾನೂನು ಹೋಗಿದ್ದು 1782ರಲ್ಲಿ. ಅಷ್ಟರಲ್ಲಿ ಒಂದು ತಲೆಮಾರು ಅಪ್ಪ ಉಡುತ್ತಿದ್ದದ್ದನ್ನು ನೋಡದೆಯೇ ಬೆಳೆದಿತ್ತು.

ಅಂಥ ಬಟ್ಟೆಯನ್ನು ನಿಮ್ಮ ಮಗ ತಾನಿರುವ ಊರಿನ ಮೇಲಿನ ಪ್ರೀತಿಯಿಂದ ಉಡುತ್ತಿದ್ದಾನೆ. ಮುಂದಿನ ಫೋಟೋದಲ್ಲಿ ಬೆನ್ನು ತಿರುಗಿಸಿ ನಿಲ್ಲೋಕೆ ಹೇಳಿ ಅಮ್ಮ. ಸೀರೆ ಉಟ್ಟು ಗೊತ್ತಿರುವ ಯಾವ ಹೆಂಗಸಾದರೂ ಹಿಂದಿನ ನೆರಿಗೆ ನೋಡಿದರೆ ಸುಮ್ಮನಾಗುತ್ತಾಳೆ.

ಮನೆಯಲ್ಲಿದ್ದರೆ ನನಗೆ ಲುಂಗಿಯೇ ಹಿತ. ಹೊರಗೆ ದಿನಾ ಕಿಲ್ಟ್ ಉಟ್ಟು ಓಡಾಡಬಹುದಾ? ಚಳಿಗೆ ಏನು ಮಾಡೋದು? ಒಳಗೆ ಏನು ಹಾಕಬೇಕು? ಕೇಳಲು ಸಂಕೋಚ.
ವಿದ್ಯಾರ್ಥಿ, ಡಂಡೀ

ಸಂಕೋಚ ಬೇಡ. ಚಡ್ಡಿ ಹಾಕಿಕೊಳ್ಳಿ. ಒಳಗೆ ಏನೂ ಇರಬಾರದು ಅನ್ನೋದನ್ನು ಪಾಲಿಸುವವರು ಪಾಲಿಸಲಿ. ಬಾಡಿಗೆ ಕಿಲ್ಟಿಗಂತೂ ಚಡ್ಡಿ ಬೇಕೇ ಬೇಕು. ಉಣ್ಣೆ ಬರೀ ಮೈಗೆ ಚುಚ್ಚುತ್ತೆ, ದಿನಾ ಒಗೆಯುವ ಬಟ್ಟೆಯೂ ಅಲ್ಲ.

ದಿನಾ ಉಡಬಹುದು, ಉಡುವವರಿದ್ದಾರೆ. ನನ್ನ ಗಿರಾಕಿಯೊಬ್ಬರು ತೋಟದ ಕೆಲಸ ಮಾಡುತ್ತಾರೆ. ಮಂಡಿ ಆಪರೇಷನ್ ಆದ ಮೇಲೆ ಪ್ಯಾಂಟ್ ಏರಿಸೋದೇ ಕಷ್ಟವಾಯಿತು ಅಂತ ಒಂದು ಸಾದಾ ಕಿಲ್ಟ್ ಹೊಲಿಸಿಕೊಂಡರು. ಮಂಡಿ ವಾಸಿಯಾಗಿ ಮೂರು ವರ್ಷವಾಯಿತು, ಅವರು ಪ್ಯಾಂಟಿಗೆ ವಾಪಸ್ ಹೋಗಿಲ್ಲ. ಸೊಂಟ ಬೆಚ್ಚಗೆ, ಕಾಲಿಗೆ ಗಾಳಿ. ಲುಂಗಿಯ ಸುಖ ಗೊತ್ತಿರುವ ನಿಮಗೆ ಇದನ್ನು ಬಿಡಿಸಿ ಹೇಳಬೇಕಾ?

ಆದರೆ ದಿನಬಳಕೆಗೆ ಎಂಟು ಗಜದ ದೊಡ್ಡ ಕಿಲ್ಟ್ ಬೇಡ. ಅದು ಹತ್ತಿರ ಹತ್ತಿರ ಎರಡು ಕಿಲೋ ತೂಗುತ್ತೆ. ನಾಲ್ಕು ಗಜದ, ಅಗಲ ನೆರಿಗೆಯ ಕಿಲ್ಟ್ ಹೊಲಿಸಿ. ಖರ್ಚೂ ಕಡಿಮೆ, ಓಡಾಡೋಕೂ ಹಗುರ. ಕಿಲ್ಟನ್ನು ಹೊಲಿಗೆ ಹಾಕಿ ಉಡೋಕೆ ಶುರು ಮಾಡಿದ ಕಾಲದ ಕಿಲ್ಟುಗಳು ಹಾಗೇ ಇದ್ದವು. ನನ್ನನ್ನು ಕೇಳಿದರೆ ನೋಡೋಕೂ ಅದೇ ಚೆಂದ. ಜೀನ್ಸ್ ಬಟ್ಟೆಯವು, ಜೇಬಿರುವ ಕ್ಯಾನ್ವಾಸಿನವು ಸಹ ಸಿಗುತ್ತವೆ. ಕೆಲಸಕ್ಕೆ ಅವು ಒಳ್ಳೆಯವೇ, ಒಗೆಯೋದೂ ಸುಲಭ.

ಚಳಿಯ ಚಿಂತೆ ಜಾಸ್ತಿ ಬೇಡ. ಹಿಂದುಗಡೆ ಉಣ್ಣೆ ಮೂರು ಪದರ ಕೂತಿರುತ್ತೆ. ಮಂಡಿವರೆಗೆ ದಪ್ಪ ಕಾಲುಚೀಲ ಇರುತ್ತೆ. ಚಳಿ ತಾಗೋದು ಮಂಡಿಗೆ ಮಾತ್ರ, ಒಂದು ವಾರದಲ್ಲಿ ಅಭ್ಯಾಸ ಆಗುತ್ತೆ. ಬೇಸಿಗೆಯಲ್ಲಿ ಪಶ್ಚಿಮದ ಗುಡ್ಡಗಳ ಕಡೆ ಹೋದರೆ ಮಿಡ್ಜ್ ಅನ್ನೋ ಸಣ್ಣ ನೊಣ ಮುತ್ತುತ್ತೆ, ಕಾಲಿಗೆ ಎಣ್ಣೆ ಹಚ್ಚಿಕೊಳ್ಳಿ. ಇನ್ನು ಕೂರುವಾಗ ಬಲಗೈಯಿಂದ ಹಿಂದಿನ ನೆರಿಗೆಯನ್ನು ಒಮ್ಮೆ ಕೆಳಕ್ಕೆ ಸವರಿ ಕೂರಬೇಕು. ನೆರಿಗೆ ಮುದುರೋದಿಲ್ಲ, ಮಾನವೂ ಉಳಿಯುತ್ತೆ.

ಹುಬ್ಬಳ್ಳಿಯಲ್ಲಿ ಟೇಲರ್ ಅಂಗಡಿ ಇದೆ. ಗಿರಾಕಿಯೊಬ್ಬರು ಕಿಲ್ಟ್ ಕೇಳುತ್ತಿದ್ದಾರೆ. ಪಂಚೆಯ ಕಾಟನ್ ಬಟ್ಟೆಯಲ್ಲಿ ಹೊಲಿದರೆ ನಡೆಯುತ್ತಾ? ನೆರಿಗೆಯ ಲೆಕ್ಕ ಹೇಗೆ?
ಟೇಲರ್, ಹುಬ್ಬಳ್ಳಿ

ಅಣ್ಣ, ನಿಮ್ಮ ಪತ್ರ ಓದಿ ತುಂಬ ಸಂತೋಷವಾಯಿತು. ನಮ್ಮ ಕಸುಬಿನವರು ಕೇಳಿದ್ದೀರಿ, ಸ್ವಲ್ಪ ವಿವರವಾಗೇ ಹೇಳುತ್ತೇನೆ.

ಪಂಚೆ ಬಟ್ಟೆ ಬೇಡ. ತೂಕ ಇಲ್ಲದಿದ್ದರೆ ನೆರಿಗೆ ಕೂರೋದಿಲ್ಲ, ಗಾಳಿಗೆ ಹಾರುತ್ತೆ. ಕಿಲ್ಟಿನ ಟಾರ್ಟನ್ ಅಂದರೆ ಟ್ವಿಲ್ ಅನ್ನೋ ಓರೆಗೆರೆ ನೇಯ್ಗೆಯ ಗಟ್ಟಿ ಉಣ್ಣೆ. ಅದು ಸಿಗದಿದ್ದರೆ ದಪ್ಪ ಕೋಟಿನ ಬಟ್ಟೆಯಲ್ಲಿ ಮಾಡಿ.

ಕೆಳಗಡೆ ಮಡಚಿ ಹೊಲಿಯಬೇಡಿ. ಕಿಲ್ಟಿನ ಕೆಳಅಂಚು ಅಂದರೆ ಬಟ್ಟೆಯ ನೇಯ್ದ ದಡಿಯೇ. ಮಡಚಿದರೆ ನೆರಿಗೆಯ ಬುಡ ಉಬ್ಬಿಕೊಳ್ಳುತ್ತೆ. ಅದಕ್ಕೇ ನಾವು ಅಗಲ ಪನ್ನದ ನಾಲ್ಕು ಗಜ ತಗೊಂಡು ಉದ್ದಕ್ಕೆ ಸೀಳುತ್ತೇವೆ. ಎರಡು ತುಂಡು ಜೋಡಿಸಿದರೆ ಎಂಟು ಗಜ ಆಗುತ್ತೆ, ಎರಡಕ್ಕೂ ಒಂದೊಂದು ದಡಿ ಸಿಗುತ್ತೆ. ಜೋಡಿಸಿದ ಹೊಲಿಗೆ ನೆರಿಗೆಯೊಳಗೆ ಮರೆಯಾಗಬೇಕು.

ಈಗ ನೆರಿಗೆ. ಟಾರ್ಟನ್ನಿನ ಗೆರೆಗಳು ಒಂದು ಸುತ್ತು ಪೂರ್ತಿಯಾಗಿ ಮತ್ತೆ ಮೊದಲಿನಿಂದ ಶುರುವಾಗುತ್ತವೆ. ಆ ಒಂದು ಸುತ್ತಿಗೆ ಸೆಟ್ ಅನ್ನುತ್ತಾರೆ. ಒಂದು ನೆರಿಗೆಗೆ ಸುಮಾರು ಒಂದು ಸೆಟ್ ಬಟ್ಟೆ ಹೋಗುತ್ತೆ. ಆದರೆ ಹೊರಗೆ ಕಾಣೋದು ಒಂದು ಇಂಚಿನಷ್ಟೋ ಇನ್ನೂ ಕಡಿಮೆಯೋ. ಮೊದಲ ನೆರಿಗೆಯಲ್ಲಿ ಕೆಂಪು ಕಂಡರೆ, ಪಕ್ಕದ್ದರಲ್ಲಿ ಕೆಂಪಿನ ನಂತರದ ಹಸಿರು ಕಾಣುವಂತೆ ಮಡಚಬೇಕು. ಹೀಗೆ ಸರಿಸುತ್ತಾ ಹೋದರೆ, ಅಷ್ಟು ಬಟ್ಟೆ ಮಡಚಿದ ಮೇಲೂ ಬೆನ್ನಿನ ಕಡೆ ಟಾರ್ಟನ್ ಮಡಚದೇ ಇದ್ದ ಹಾಗೆ ಕಾಣುತ್ತೆ. ಕಿಲ್ಟಿನ ಜೀವ ಇರೋದೇ ಇದರಲ್ಲಿ.

ಪೃಷ್ಠದ ಅಗಲಕ್ಕಿಂತ ಸೊಂಟ ಸಣ್ಣದು. ಹಾಗಾಗಿ ಪ್ರತಿ ನೆರಿಗೆಯನ್ನೂ ಮೇಲಕ್ಕೆ ಹೋದಂತೆ ಸಣ್ಣ ಮಾಡುತ್ತಾ ಕೈಯಲ್ಲೇ ಹೊಲಿಯಬೇಕು. ಕೆಳಗೆ ಬಿಟ್ಟುಬಿಡಬೇಕು. ಒಂದು ನೆರಿಗೆಯಲ್ಲಿ ಇಂಚಿನ ಎಂಟನೇ ಒಂದು ಭಾಗ ತಪ್ಪಿದರೆ ಇಪ್ಪತ್ತೈದು ನೆರಿಗೆಗೆ ಮೂರು ಇಂಚು ತಪ್ಪಿತು! ನನ್ನ ಮೊದಲ ಕಿಲ್ಟಿನಲ್ಲಿ ಒಂದು ಬಿಳಿ ಗೆರೆ ಹಂಗೇ ಓರೆಯಾಗಿತ್ತು. ಕಲಿಸುತ್ತಿದ್ದ ಅಜ್ಜಿ ಬಾಯಲ್ಲಿ ಏನೂ ಹೇಳಲಿಲ್ಲ. ಕಿಲ್ಟನ್ನು ಕಿಟಕಿ ಬೆಳಕಿಗೆ ಹಿಡಿದರು, ಕತ್ತರಿಯನ್ನು ನನ್ನ ಕೈಗಿಟ್ಟರು. ಏಳು ನೆರಿಗೆ ಬಿಚ್ಚಿದೆ. ಇವತ್ತಿಗೂ ಮುಗಿಸಿದ ಕಿಲ್ಟನ್ನು ಅದೇ ಥರ ಬೆಳಕಿಗೆ ಹಿಡಿದು ನೋಡಿಯೇ ಕೊಡೋದು.

ಇಸ್ತ್ರಿಗೆ ಮೊದಲು ನೆರಿಗೆಗಳಿಗೆ ಕೆಳಗಿನವರೆಗೂ ಕಚ್ಚಾ ಹೊಲಿಗೆ ಹಾಕಿ. ಒದ್ದೆ ಬಟ್ಟೆ ಹಾಸಿ ಒತ್ತಿ, ಎಳೆಯಬೇಡಿ. ಆರಿದ ಮೇಲೆ ದಾರ ಬಿಚ್ಚಿ. ಮುಗಿದ ಮೇಲೆ ಫೋಟೋ ಕಳಿಸಿ ಅಣ್ಣ, ಕಾಯುತ್ತಿರುತ್ತೇನೆ.

ಟಿಪ್ಪು ಬಿದ್ದ ದಿನದ ಚಿತ್ರದಲ್ಲಿ ಕಿಲ್ಟಿನ ಸೈನಿಕರಿದ್ದಾರೆ. ನಿಜವಾಗಿ ಶ್ರೀರಂಗಪಟ್ಟಣಕ್ಕೆ ಕಿಲ್ಟ್ ಬಂದಿತ್ತಾ?
ಓದುಗರು, ಮಂಡ್ಯ

1799ರ ಮೇ 4ರಂದು ಕೋಟೆಗೆ ನುಗ್ಗಿದವರಲ್ಲಿ ಹೈಲ್ಯಾಂಡಿನ ಪಡೆಗಳಿದ್ದದ್ದು ನಿಜ. ಮುಂದೆ ನಿಂತು ನಡೆಸಿದ ಡೇವಿಡ್ ಬೇರ್ಡ್ ಸ್ಕಾಟ್ಲೆಂಡಿನವನೇ. ಅದೇ ಶ್ರೀರಂಗಪಟ್ಟಣದಲ್ಲಿ ಹಿಂದೆ ಮೂರು ವರ್ಷಕ್ಕೂ ಜಾಸ್ತಿ ಸೆರೆಯಲ್ಲಿದ್ದವನು. ನೀವು ಹೇಳುವ ಚಿತ್ರವನ್ನು ಡೇವಿಡ್ ವಿಲ್ಕಿ ಮುಗಿಸಿದ್ದು 1839ರಲ್ಲಿ, ಅಂದರೆ ನಲವತ್ತು ವರ್ಷ ಆದ ಮೇಲೆ. ನಮ್ಮ ಸೆಕೆಯಲ್ಲಿ ಆ ಪಡೆಗಳು ಸಾಮಾನ್ಯವಾಗಿ ಉಣ್ಣೆ ಕಿಲ್ಟ್ ಬಿಟ್ಟು ತೆಳು ಪ್ಯಾಂಟ್ ಹಾಕುತ್ತಿದ್ದವು. ಮೇ ತಿಂಗಳ ಶ್ರೀರಂಗಪಟ್ಟಣದ ಬಿಸಿಲು ನೆನೆದರೆ ಅದು ನನಗೆ ಅರ್ಥವಾಗುತ್ತೆ.

ನಮ್ಮ ಯಜಮಾನರು ಇಲ್ಲಿಯವರು. ಹೋದ ವರ್ಷ ತೀರಿಕೊಂಡರು. ಅವರ ತಂದೆಯಿಂದ ಬಂದ ಕಿಲ್ಟ್ ಪೆಟ್ಟಿಗೆಯಲ್ಲಿದೆ. ಹತ್ತೊಂಬತ್ತು ವರ್ಷದ ಮಗ ಉಡಬೇಕು ಅನ್ನುತ್ತಿದ್ದಾನೆ. ತೆಳ್ಳಗಿದ್ದಾನೆ. ಕತ್ತರಿಸಬೇಕಾಗುತ್ತಾ?
ಓದುಗರು, ಪರ್ತ್, ಸ್ಕಾಟ್ಲೆಂಡ್

ಅಕ್ಕಾ, ಕತ್ತರಿಸೋದೇ ಬೇಡ. ಒಳ್ಳೇ ಕಿಲ್ಟನ್ನು ಇನ್ನೊಬ್ಬರ ಮೈಗೆ ಕೂರಿಸಬಹುದು ಅಂತಲೇ ಹೊಲಿದಿರುತ್ತಾರೆ. ಎರಡು ಇಂಚಿನೊಳಗಿನ ವ್ಯತ್ಯಾಸ ಆದರೆ ಬಕಲ್ ಸರಿಸಿದರೆ ಸಾಕು. ಜಾಸ್ತಿ ಇದ್ದರೆ ನೆರಿಗೆ ಬಿಚ್ಚಿ ಹೊಸದಾಗಿ ಹಿಡಿಯುತ್ತೇವೆ. ಬಟ್ಟೆ ಎಲ್ಲೂ ಹೋಗೋದಿಲ್ಲ, ಒಳಗೇ ಇರುತ್ತೆ. ಮಗನಿಗೆ ಮುಂದೆ ಸೊಂಟ ದಪ್ಪವಾದರೆ ಮತ್ತೆ ಬಿಡಿಸಬಹುದು.

ಸದ್ಯಕ್ಕೆ ನೀವು ಇಷ್ಟು ಮಾಡಿ. ಪೆಟ್ಟಿಗೆಯಿಂದ ತೆಗೆದು ಬೆಳಕಿನಲ್ಲಿ ಒಂದೊಂದೇ ನೆರಿಗೆ ಬಿಡಿಸಿ ನೋಡಿ, ನುಸಿ ಹಿಡಿದಿದೆಯಾ ಅಂತ. ಸಣ್ಣ ತೂತು ಇದ್ದರೆ ಗಾಬರಿ ಬೇಡ, ಅದೇ ಕಿಲ್ಟಿನ ಒಳಗಿನ ದಾರ ತೆಗೆದು ನೇಯ್ದು ಮುಚ್ಚುತ್ತೇನೆ. ಒಗೆಯೋಕೆ ಹೋಗಬೇಡಿ. ಡ್ರೈಕ್ಲೀನಿಂಗಿಗೂ ಈಗಲೇ ಕೊಡಬೇಡಿ. ಹೋದ ತಿಂಗಳು ಒಂದು ಅಂಗಡಿಯವರು ಹಳೇ ಕಿಲ್ಟಿನ ನೆರಿಗೆ ಅಡ್ಡಾದಿಡ್ಡಿ ಒತ್ತಿ ಕೊಟ್ಟಿದ್ದರು, ಸರಿಮಾಡೋಕೆ ನನಗೆ ಎರಡು ದಿನ ಹಿಡಿಯಿತು. ನೆರಳಲ್ಲಿ ಗಾಳಿಗೆ ಹಾಕಿ, ಮೆತ್ತಗೆ ಬ್ರಷ್ ಮಾಡಿ.

ಅಂಥ ಹಳೇ ಕಿಲ್ಟ್ ಬಿಚ್ಚಿದಾಗ ಒಳಮಡಿಕೆಯ ಬಣ್ಣ ನೋಡಬೇಕು ನೀವು. ಹೊರಗಿನ ಹಸಿರು ಮಾಸಿ ಬೂದಿ ಆಗಿದ್ದರೂ ಒಳಗೆ ನಿನ್ನೆ ನೇಯ್ದ ಹಾಗೆ ಇರುತ್ತೆ. ಕೆಲವು ಸಲ ಮೊದಲು ಹೊಲಿದವರ ಸೀಮೆಸುಣ್ಣದ ಗುರುತೂ ಉಳಿದಿರುತ್ತೆ. ನಿಮ್ಮ ಮಗನನ್ನು ಕರೆದುಕೊಂಡು ಬನ್ನಿ, ನಾನು ಬಿಚ್ಚುವಾಗ ಅವನೂ ಪಕ್ಕದಲ್ಲಿ ಕೂತು ನೋಡಲಿ. ಆಮೇಲೆ ಅವನನ್ನು ನೆಲದ ಮೇಲೆ ಮಂಡಿಯೂರಿಸಿ ಅಳತೆ ತಗೊಳ್ಳುತ್ತೇನೆ. ಕೆಳಅಂಚು ನೆಲದಿಂದ ಒಂದು ಇಂಚು ಮೇಲಿದ್ದರೆ ಅವನ ಉದ್ದಕ್ಕೆ ಸರಿಯಾಯಿತು ಅಂತ ಅರ್ಥ.