ಹಾಸನದಿಂದ ಹಾಸ್ಟೆಲ್‌ಗೆ ಹೋಗುವ ಮಗಳಿಗೆ ಮೆನಿಂಜೈಟಿಸ್ ಲಸಿಕೆ ಬೇಕಾ?

ಪಿಯುಸಿ ಮುಗಿಸಿದ ಮಗಳು ಹಾಸನ ಬಿಟ್ಟು ಹಾಸ್ಟೆಲ್‌ಗೆ ಹೋಗುತ್ತಿದ್ದಾಳೆ, ಮೆನಿಂಜೈಟಿಸ್ (ಮಿದುಳಿನ ಪೊರೆಯ ಉರಿಯೂತ) ಲಸಿಕೆ ಹಾಕಿಸಲೇಬೇಕಾ ಎಂದು ಕೇಳಿದ್ದೀರಿ. ಅಮೆರಿಕಕ್ಕಾದರೆ ಹಾಕಿಸಿಯೇ ಕಳಿಸಿ, ಅಲ್ಲಿ ಎಷ್ಟೋ ಕಾಲೇಜುಗಳು ದಾಖಲೆ ಕೇಳುತ್ತವೆ. ಬೆಂಗಳೂರು, ಮೈಸೂರಿಗಾದರೆ ಕಡ್ಡಾಯವಿಲ್ಲ. ನಮ್ಮ ಸರ್ಕಾರಿ ಲಸಿಕೆಗಳ ಪಟ್ಟಿಯಲ್ಲೂ ಇದಿಲ್ಲ, ದುಡ್ಡು ಕೊಟ್ಟು ಹಾಕಿಸಬೇಕು. ಆದರೂ ಹಾಸನದ ಹಿಮ್ಸ್ ಆಸ್ಪತ್ರೆಯಲ್ಲೋ ನಿಮ್ಮ ಡಾಕ್ಟರ ಹತ್ತಿರವೋ ಒಮ್ಮೆ ವಿಚಾರಿಸಿ. ಗುಲ್ಮ (ಸ್ಪ್ಲೀನ್) ತೆಗೆಸಿದ ಮಕ್ಕಳಿಗಂತೂ ಇದು ತುಂಬಾ ಮುಖ್ಯ.

ಈ ಕಾಯಿಲೆ ತರುವ ಮೆನಿಂಗೊಕಾಕಸ್ ಅನ್ನೋ ಬ್ಯಾಕ್ಟೀರಿಯಾ ಸುಮಾರು ನೂರರಲ್ಲಿ ಹತ್ತು ಜನರ ಗಂಟಲಲ್ಲಿ ಸುಮ್ನೆ ಇರುತ್ತದೆ. ಅವರಿಗೆ ಏನೂ ಆಗುವುದಿಲ್ಲ. ಆದರೆ ಒಂದೇ ರೂಮಲ್ಲಿ ಮಲಗಿ, ಒಂದೇ ಬಾಟಲಿಗೆ ಬಾಯಿ ಹಚ್ಚುವ ಮಕ್ಕಳಲ್ಲಿ ಕೆಮ್ಮು, ಎಂಜಲಿನಿಂದ ಹರಡಬಹುದು. ಕಾಯಿಲೆ ಬರುವುದು ಅಪರೂಪ. ಬಂದರೆ ಮಾತ್ರ ಒಂದೇ ದಿನದಲ್ಲಿ ಜೀವಕ್ಕೆ ಕುತ್ತಾಗಬಹುದು. ಚಿಕಿತ್ಸೆ ಸಿಕ್ಕರೂ ನೂರಕ್ಕೆ ಹತ್ತು ಜನರಾದರೂ ಉಳಿಯುವುದಿಲ್ಲ. ಉಳಿದವರಲ್ಲಿ ಕೆಲವರಿಗೆ ಕಿವಿ ಹೋಗುತ್ತದೆ. ಅದಕ್ಕೇ ನನಗೆ ಈ ಖರ್ಚು ಜಾಸ್ತಿ ಅನ್ನಿಸುವುದಿಲ್ಲ.

ಸಾಮಾನ್ಯವಾಗಿ ಕೊಡುವ ಲಸಿಕೆ ಈ ಬ್ಯಾಕ್ಟೀರಿಯಾದ ಎ, ಸಿ, ಡಬ್ಲ್ಯೂ, ವೈ ಎಂಬ ನಾಲ್ಕು ಬಗೆಗಳನ್ನು ತಡೆಯುತ್ತದೆ. ಬಿ ಬಗೆಗೆ ಬೇರೆ ಲಸಿಕೆ ಇದೆ. 16 ತುಂಬಿದ ಆರೋಗ್ಯವಂತ ಮಕ್ಕಳಿಗೆ ನಾಲ್ಕು ಬಗೆಯದು ಸಾಮಾನ್ಯವಾಗಿ ಒಂದು ಡೋಸ್ ಸಾಕು. ರಕ್ಷಣೆ ಬರಲು ಸುಮಾರು ಹತ್ತು ದಿನ ಬೇಕು, ಹೊರಡುವ ಎರಡು ವಾರ ಮೊದಲೇ ಹಾಕಿಸಿ.

ಲಸಿಕೆ ಹಾಕಿಸಿದರೂ ಮಗಳಿಗೆ ಇಷ್ಟು ಹೇಳಿಕೊಡಿ: ಜ್ವರದ ಜೊತೆ ವಿಪರೀತ ತಲೆನೋವು, ಕುತ್ತಿಗೆ ಬಿಗಿತ, ವಾಂತಿ, ಒತ್ತಿದರೂ ಮಾಸದ ಕೆಂಪು–ನೇರಳೆ ಚುಕ್ಕೆ ಕಂಡರೆ ಬೆಳಗಾಗುವವರೆಗೆ ಕಾಯಬಾರದು. ರಾತ್ರಿಯಾದರೂ ವಾರ್ಡನ್‌ರನ್ನು ಎಬ್ಬಿಸಿ ಆಸ್ಪತ್ರೆಗೆ ಹೋಗಬೇಕು. ರೂಮಿನ ಗೆಳತಿಗೆ ಹೀಗಾದರೂ ಅಷ್ಟೇ, ಆಗ ಜೊತೆಗಿದ್ದವರಿಗೂ ಡಾಕ್ಟರು ಮುನ್ನೆಚ್ಚರಿಕೆಯ ಆಂಟಿಬಯೋಟಿಕ್ ಕೊಡುತ್ತಾರೆ.