ಊರಿನ ಮನೆ, ತೋಟ ಹಿಸೆ ಮಾಡಿಕೊಳ್ಳಲು ಕೋರ್ಟಿಗೇ ಹೋಗಬೇಕಾ?

ನಿಮ್ಮ ಪ್ರಶ್ನೆ ಓದಿದೆ. ಕುಮಟಾ ಹತ್ತಿರ ಮನೆ, ಒಂದೂವರೆ ಎಕರೆ ತೋಟ, ಸ್ವಲ್ಪ ಗದ್ದೆ. ಅಪ್ಪ ತೀರಿಕೊಂಡು ಐದು ವರ್ಷ, ಅಮ್ಮ ಇದ್ದಾರೆ. ಊರಲ್ಲಿರುವ ಅಣ್ಣ "ಈಗ್ಯಾಕೆ ಹಿಸೆ" ಅಂತ ಮುಂದೂಡುತ್ತಲೇ ಇದ್ದಾರೆ. ನೀವು ಬೆಂಗಳೂರಲ್ಲಿ, ತಂಗಿ ಮದುವೆಯಾಗಿ ಹೊನ್ನಾವರದಲ್ಲಿ. ಕೋರ್ಟಿಗೆ ಹೋಗಲೇಬೇಕಾ, ಹೋದರೆ ಎಷ್ಟು ಕಾಲ, ತಂಗಿಯನ್ನೂ ಇದರಲ್ಲಿ ಸೇರಿಸಬೇಕಾ ಅಂತ ಕೇಳಿದ್ದೀರಿ.

ನಾನು ವಕೀಲಳಲ್ಲ. ಶಿರಸಿ ಕಡೆಯ ಅಡಿಕೆ ತೋಟದ ಮನೆಯ ಮಗಳು. ನಮ್ಮ ಮನೆಯ ಹಿಸೆ 2011ರಲ್ಲಿ ಕೋರ್ಟು ಹತ್ತಿ 2019ರಲ್ಲಿ ಮುಗಿಯಿತು. ಆ ಎಂಟು ವರ್ಷ ನಿಮಗೆ ಬೇಡ ಅನ್ನೋ ಕಾರಣಕ್ಕೇ ಇಷ್ಟು ಬರೆಯುತ್ತಿದ್ದೇನೆ.

ಯಾರಿಗೆ ಎಷ್ಟು ಪಾಲು ಅನ್ನೋದಕ್ಕೆ ಕಾನೂನಿನಲ್ಲಿ ಉತ್ತರ ಇದೆ, ಬೇಗ ಸಿಗುತ್ತದೆ. ಯಾವ ತುಂಡು ಯಾರಿಗೆ ಅನ್ನೋದರಲ್ಲೇ ವರ್ಷಗಳು ಹೋಗುವುದು.

ಮೊದಲನೆಯದನ್ನು ಬೇಗ ಮುಗಿಸುತ್ತೇನೆ. ಆಸ್ತಿ ಅಪ್ಪನ ಸ್ವಂತ ಸಂಪಾದನೆಯಾಗಿದ್ದು, ಅವರು ಮರಣಪತ್ರ ಬರೆದಿಲ್ಲ ಅಂತಾದರೆ 1956ರ ಹಿಂದೂ ಉತ್ತರಾಧಿಕಾರ ಕಾಯಿದೆಯ ಪ್ರಕಾರ ಅಮ್ಮ, ಅಣ್ಣ, ನೀವು, ತಂಗಿ, ನಾಲ್ವರಿಗೂ ಸಮಪಾಲು. ಅಪ್ಪನ ತಾಯಿ ಬದುಕಿದ್ದರೆ ಅವರಿಗೂ ಒಂದು ಪಾಲು. ಪಿತ್ರಾರ್ಜಿತವಾದರೆ ಲೆಕ್ಕ ಸ್ವಲ್ಪ ಬೇರೆ, ಅದನ್ನು ವಕೀಲರ ಹತ್ತಿರ ಮಾಡಿಸಿ. ಆದರೆ ಅಲ್ಲೂ ಮಗಳು ಮಗನಷ್ಟೇ ಪಾಲುದಾರಳು. 2005ರ ಸೆಪ್ಟೆಂಬರ್ 9ರಿಂದ ಇದೇ ಕಾನೂನು. ಆ ದಿನ ತಂದೆ ಬದುಕಿರಬೇಕು ಅಂತೇನಿಲ್ಲ ಎಂದು 2020ರಲ್ಲಿ ಸುಪ್ರೀಂ ಕೋರ್ಟು ಸ್ಪಷ್ಟ ಮಾಡಿದೆ. ಮದುವೆಗೆ ಚಿನ್ನ ಹಾಕಿದ್ದೇವೆ, ಅವಳದ್ದು ಮುಗಿಯಿತು ಅನ್ನೋ ಮಾತು ಇಲ್ಲಿ ನಡೆಯುವುದಿಲ್ಲ.

ನಮ್ಮ ಜಿಲ್ಲೆಯದ್ದೇ ಒಂದು ವಿಷಯವೂ ಇದೆ. ಕರಾವಳಿಯಲ್ಲಿ ಎಷ್ಟೋ ಜಮೀನು 1974ರ ಭೂಸುಧಾರಣೆಯ ನಂತರ ಗೇಣಿದಾರರ ಹೆಸರಿಗೆ ಬಂದದ್ದು. ನಿಮ್ಮದೂ ಹಾಗಿದ್ದರೆ ಗೇಣಿದಾರರು ಹಕ್ಕು ಕೇಳಿ ಹಾಕಿದ ಏಳನೇ ನಮೂನೆಯ ಅರ್ಜಿ ಮತ್ತು ಭೂ ನ್ಯಾಯಮಂಡಳಿಯ ಆದೇಶದ ನಕಲು ತೆಗೆಸಿ. ಆದೇಶ ಒಬ್ಬರ ಹೆಸರಲ್ಲಿದ್ದರೂ, ಇಡೀ ಮನೆಯವರು ಸೇರಿ ಗೇಣಿ ಮಾಡುತ್ತಿದ್ದರೆ ಅದು ಕುಟುಂಬದ ಹಕ್ಕೇ ಆಗಬಹುದು. ಹಾಗೆಯೇ ಪಹಣಿಯಲ್ಲಿ ಅಣ್ಣನ ಹೆಸರು ಮಾತ್ರ ಕಂಡರೆ ಗಾಬರಿ ಬೇಡ. ಪಹಣಿ ಕಂದಾಯದ ದಾಖಲೆ. ಅದರಲ್ಲಿ ಹೆಸರಿಲ್ಲದ ಮಾತ್ರಕ್ಕೆ ಪಾಲು ಹೋಗುವುದಿಲ್ಲ. ಹಾಗಂತ ಸುಮ್ನೆ ಕೂರುವುದೂ ತಪ್ಪು. ಕುಟುಂಬದ ಆಸ್ತಿಯಿಂದ ನಿಮ್ಮನ್ನು ಹೊರಗಿಟ್ಟದ್ದು ಗೊತ್ತಾದ ದಿನದಿಂದ 12 ವರ್ಷದೊಳಗೆ ದಾವೆ ಹಾಕಬೇಕು.

ಇನ್ನು ನಮ್ಮ ಮನೆಯ ಕಥೆ. ತೋಟ 2 ಎಕರೆ 10 ಗುಂಟೆ. ಅಮ್ಮ, ಅಣ್ಣ, ತಮ್ಮ, ನಾನು. ತಮ್ಮ ದಾವೆ ಹಾಕಿದ. 2015ರಲ್ಲಿ ತಲಾ ಕಾಲು ಪಾಲು ಅಂತ ಡಿಕ್ರಿ, ಅಂದರೆ ಕೋರ್ಟಿನ ತೀರ್ಪು, ಬಂತು. ಅಮ್ಮ ದೇವರ ಮುಂದೆ ತುಪ್ಪದ ದೀಪ ಹಚ್ಚಿದರು. ಮುಗಿಯಿತು ಅಂದುಕೊಂಡೆವು. ಮುಗಿದಿರಲಿಲ್ಲ. ಅದು ಬರೀ ಪ್ರಾಥಮಿಕ ಡಿಕ್ರಿ. ಯಾರಿಗೆ ಎಷ್ಟು ಅಂತ ಹೇಳುತ್ತದೆ, ಎಲ್ಲಿಂದ ಎಲ್ಲಿಗೆ ಅಂತ ಹೇಳುವುದಿಲ್ಲ. ಅಳತೆ ಮಾಡಿ ಗಡಿ ಗುರುತಿಸಿಕೊಡುವುದು ಅಂತಿಮ ಡಿಕ್ರಿ. ನಮಗೆ ಯಾರೂ ಬಿಡಿಸಿ ಹೇಳಲಿಲ್ಲ, ನಾವೂ ಕೇಳಲಿಲ್ಲ. ಮೂರು ವರ್ಷ ಆ ಕಾಗದ ಕಪಾಟಿನಲ್ಲಿ ಬಿದ್ದಿತ್ತು. ಪ್ರಾಥಮಿಕ ಡಿಕ್ರಿಯಾದ ಮೇಲೆ ಬೇರೆ ಅರ್ಜಿಗೆ ಕಾಯದೆ ಕೋರ್ಟೇ ಪ್ರಕರಣವನ್ನು ಮುಂದುವರಿಸಬೇಕು ಅಂತ 2022ರಲ್ಲಿ ಸುಪ್ರೀಂ ಕೋರ್ಟು ಹೇಳಿದೆ. ಆದರೂ ನಿಮ್ಮ ವಕೀಲರನ್ನು ಪ್ರತಿ ತಾರೀಖಿಗೂ ಕೇಳುತ್ತಿರಿ.

ಅಂತಿಮ ಹಂತದಲ್ಲಿ ಕಂದಾಯದ ಜಮೀನಿನ ವಿಭಾಗ ಜಿಲ್ಲಾಧಿಕಾರಿಗಳ ಮೂಲಕ ತಹಶೀಲ್ದಾರರಿಗೆ, ಸರ್ವೆಯವರಿಗೆ ಹೋಗುತ್ತದೆ. ಮನೆಯನ್ನು ಅಳೆದು ವರದಿ ಕೊಡಲು ಕೋರ್ಟು ಒಬ್ಬ ಕಮಿಷನರನ್ನು ನೇಮಿಸುತ್ತದೆ. ನಮ್ಮ ಮನೆಗೆ ಕಮಿಷನರಾಗಿ ಬಂದವರು ಒಬ್ಬ ಇಂಜಿನಿಯರ್. ಅವತ್ತು ಜಗುಲಿ ಅಳೆಯುವಾಗ ಟೇಪಿನ ಒಂದು ತುದಿ ಅಣ್ಣನ ಕೈಲಿ, ಇನ್ನೊಂದು ತುದಿ ತಮ್ಮನ ಕೈಲಿ. ಏಳು ವರ್ಷ ಒಬ್ಬರಿಗೊಬ್ಬರು ಮಾತಿಲ್ಲ. "ಸ್ವಲ್ಪ ಎಳಿ" ಅಂದ ಅಣ್ಣ. "ಸಾಕಾ?" ಅಂದ ತಮ್ಮ. ಅಡಿಗೆಮನೆಯ ಬಾಗಿಲಲ್ಲಿ ನಿಂತಿದ್ದ ಅಮ್ಮ ಸೆರಗು ಬಾಯಿಗೆ ಒತ್ತಿಕೊಂಡು ಒಳಗೆ ಹೋದರು.

ತೋಟದ್ದೇ ದೊಡ್ಡ ಜಗಳ. 90 ಗುಂಟೆಯನ್ನು ನಾಲ್ಕು ಮಾಡಿದರೆ ಇಪ್ಪತ್ತೆರಡೂವರೆ ಗುಂಟೆ, ಲೆಕ್ಕ ಸುಲಭ ಅಲ್ವಾ? ಆದರೆ ಮೇಲಿನ ತೋಟ ಕೆರೆಯ ಬುಡದಲ್ಲಿದೆ, ಒಳ್ಳೆಯ ಫಸಲಿನ ಮರಗಳು. ಕೆಳಗಿನ ತೋಟದಲ್ಲಿ ನೀರು ಬಸಿಯುವುದಿಲ್ಲ, ಹಿಡಿಮುಂಡಿಗೆ ರೋಗ ಬಂದು ಮರಗಳು ಸೊರಗಿದ್ದವು. ಒಂದೇ ಅಳತೆ, ಒಂದೇ ಬೆಲೆ ಅಲ್ಲ. ಕೆಳಗಿನ ತುಂಡು ಬಂದವರು ಅಡಿಕೆ ಗೊನೆ ಕೊಯ್ದು ಹೊತ್ತು ತರಲು ಮೇಲಿನವರ ತೋಟದಲ್ಲೇ ಹಾಯಬೇಕು. ಗುಂಟೆಗೆ ಒಪ್ಪಿದ ಅಣ್ಣ ತಮ್ಮ ನಾಲ್ಕು ಅಡಿ ದಾರಿಗೆ ಒಪ್ಪಲಿಲ್ಲ. ಮತ್ತೆ ಒಂದು ಮಳೆಗಾಲ ಹೋಯಿತು.

ಕೊನೆಗೆ ಕೋರ್ಟಿನ ಮಧ್ಯಸ್ಥಿಕೆಯಲ್ಲಿ ಕೂತೆವು. ಅಲ್ಲಿದ್ದ ಹಿರಿಯರೊಬ್ಬರು ಒಂದು ದಾರಿ ಹೇಳಿದರು. ತೋಟ ಚೆನ್ನಾಗಿ ಗೊತ್ತಿರುವುದು ಅಣ್ಣನಿಗೆ, ಅವನೇ ಗೆರೆ ಹಾಕಲಿ. ಆರಿಸುವುದು ಮೊದಲು ತಮ್ಮ, ಆಮೇಲೆ ನಾನು, ಅಣ್ಣ ಕೊನೆಗೆ. ಅಮ್ಮನ ಪಾಲು ಅಣ್ಣನ ಪಾಲಿಗೆ ಹೊಂದಿಕೊಂಡಿರಲಿ, ಅವರು ಇರುವುದು ಅವನ ಜೊತೆಗೇ. ಅಣ್ಣ ಎರಡು ದಿನ ತೋಟ ತಿರುಗಿ ಒಂದೊಂದೇ ಮರ ಎಣಿಸಿ ಗೆರೆ ಹಾಕಿದ. ಕೆಳಗಿನ ತುಂಡಿಗೆ ಗುಂಟೆ ಜಾಸ್ತಿ ಕೊಟ್ಟ, ದಾರಿಯನ್ನೂ ತಾನೇ ಬಿಟ್ಟ. ಯಾವ ತುಂಡು ತನಗೆ ಉಳಿಯುತ್ತದೋ ಗೊತ್ತಿಲ್ಲದಿದ್ದಾಗ ಮನುಷ್ಯ ಎಷ್ಟು ನ್ಯಾಯವಾಗಿ ಅಳೆಯುತ್ತಾನೆ ಅಂತ ಅವತ್ತು ನೋಡಿದೆ. ಮನೆ ಅಣ್ಣನಿಗೆ, ನಮ್ಮಿಬ್ಬರಿಗೆ ಹಣ. ಕೆರೆ ನೀರಿನ ಪಾಳಿ, ದಾರಿಯ ಅಗಲ, ಬಸಿಗಾಲುವೆ ಹೂಳೆತ್ತುವ ಖರ್ಚು, ಎಲ್ಲವನ್ನೂ ರಾಜಿಯಲ್ಲಿ ಬರೆಸಿದೆವು. ತೋಟಕ್ಕೆ ಸೇರಿದ ಸೊಪ್ಪಿನ ಬೆಟ್ಟ ನಮ್ಮ ಹಿಡುವಳಿ ಜಮೀನಲ್ಲ, ಅಲ್ಲಿಂದ ಸೊಪ್ಪು, ದರಕು (ಒಣ ಎಲೆ) ತರುವ ಸವಲತ್ತು ಅಷ್ಟೇ. ಯಾರು ಎಲ್ಲಿ ಸೊಪ್ಪು ಕಡಿಯಬೇಕು ಅನ್ನೋದನ್ನೂ ಬರೆದುಕೊಂಡೆವು. ಲೋಕ ಅದಾಲತ್‌ನಲ್ಲಿ ರಾಜಿಯಾಯಿತು. ಆ ರಾಜಿಗೆ ಡಿಕ್ರಿಯಷ್ಟೇ ಬಲ, ಮೇಲ್ಮನವಿ ಇಲ್ಲ, ಕಟ್ಟಿದ ಕೋರ್ಟು ಶುಲ್ಕವೂ ವಾಪಸು.

ಇದನ್ನೆಲ್ಲ ದಾವೆ ಹಾಕದೆಯೇ ಮಾಡಬಹುದಿತ್ತು. ಅದಕ್ಕೇ ನಿಮಗೆ ಹೇಳುವುದು, ಮೊದಲು ಜಾಗ ನೋಡಿ. ಹೆದ್ದಾರಿ ಬದಿಯ ಐದು ಗುಂಟೆಗೂ ಹಿಂದಿನ ಐದು ಗುಂಟೆಗೂ ಬೆಲೆ ಒಂದೇನಾ? ಗದ್ದೆ ಗಜನಿ (ಅಳಿವೆಯ ಬದಿಯ ತಗ್ಗು ಭೂಮಿ) ಪಕ್ಕದ್ದಾ, ಉಪ್ಪುನೀರು ನುಗ್ಗುತ್ತದಾ? ಬಾವಿ ಯಾರ ತುಂಡಿಗೆ ಬರುತ್ತದೆ? ಇದನ್ನೆಲ್ಲ ಒಂದು ಹಾಳೆಯಲ್ಲಿ ಬರೆದುಕೊಂಡು ಅಣ್ಣನ ಜೊತೆ ಕೂತುಕೊಳ್ಳಿ. ಅವರು ಇಷ್ಟು ವರ್ಷ ತೋಟ ನೋಡಿಕೊಂಡಿದ್ದಾರೆ, ಅಮ್ಮನನ್ನೂ ನೋಡಿಕೊಂಡಿದ್ದಾರೆ. ಆ ಮಾತನ್ನು ನೀವಾಗಿಯೇ ಮೊದಲು ಆಡಿ. ಒಪ್ಪಿದರೆ ಸರ್ವೆಗೆ ಅರ್ಜಿ ಹಾಕಿ ಜಮೀನು ತುಂಡು ಮಾಡಲು ಬೇಕಾದ 11ಇ ನಕ್ಷೆ ಮಾಡಿಸಿ, ವಿಭಾಗ ಪತ್ರವನ್ನು ಉಪನೋಂದಣಿ ಕಚೇರಿಯಲ್ಲಿ ನೋಂದಾಯಿಸಿ, ಪಹಣಿ ಬೇರೆ ಬೇರೆಯಾಗುವ ತನಕ ಬಿಡಬೇಡಿ. ಪಂಚರ ಮುಂದೆ ಬಿಳಿ ಹಾಳೆಯಲ್ಲಿ ಬರೆದ ಪಾಲುಪಟ್ಟಿಯನ್ನು ನಂಬಿ ನಿಲ್ಲಬೇಡಿ.

ಅಣ್ಣ ಒಪ್ಪದೇ ಹೋದರೆ ದಾವೆ ಹಾಕಿ, ಅದರಲ್ಲಿ ತಪ್ಪೇನಿಲ್ಲ. ಎಲ್ಲ ಆಸ್ತಿಯನ್ನೂ ಅದರಲ್ಲೇ ತೋರಿಸಿ. ಮೊದಲ ತಾರೀಖುಗಳಲ್ಲೇ ಮಧ್ಯಸ್ಥಿಕೆ ಕೇಳಿ. ಮನೆ ಭಾಗ ಮಾಡಲು ಬಾರದಂತಿದ್ದರೆ, ಅರ್ಧ ಅಥವಾ ಅದಕ್ಕಿಂತ ಹೆಚ್ಚು ಪಾಲಿನವರು ಕೇಳಿಕೊಂಡರೆ, 1893ರ ವಿಭಾಗ ಕಾಯಿದೆಯಂತೆ ಕೋರ್ಟು ಮಾರಾಟಕ್ಕೆ ಹೇಳಬಹುದು. ಆಗ ಉಳಿದವರು ಕೋರ್ಟು ಕಟ್ಟಿದ ಬೆಲೆಗೆ ತಾವೇ ಕೊಳ್ಳುತ್ತೇವೆ ಅನ್ನಬಹುದು. "ನನ್ನ ಪಾಲು ಹೊರಗಿನವರಿಗೆ ಮಾರುತ್ತೇನೆ" ಅಂತ ಯಾರಾದರೂ ಹೆದರಿಸಿದರೆ ನೆನಪಿಡಿ, ವಾಸದ ಮನೆಯ ಪಾಲು ಕೊಂಡ ಹೊರಗಿನವರು ನಿಮ್ಮ ಜೊತೆ ಒಳಗೆ ಬಂದು ಇರುವ ಹಕ್ಕು ಕೇಳುವಂತಿಲ್ಲ. ಅಂತಿಮ ಡಿಕ್ರಿ ಬಂದ ಮೇಲೆ ಅದನ್ನು ಸ್ಟಾಂಪ್ ಕಾಗದದ ಮೇಲೆ ಬರೆಸಬೇಕು. ಇದನ್ನು ಮರೆತು ಎಷ್ಟೋ ಜನ ಅಲ್ಲೇ ಸಿಕ್ಕಿಹಾಕಿಕೊಳ್ಳುತ್ತಾರೆ.

ತಂಗಿಯ ವಿಷಯ. ಅವಳನ್ನು ಬಿಟ್ಟು ದಾವೆ ನಿಲ್ಲುವುದಿಲ್ಲ, ಪಾಲುದಾರರೆಲ್ಲರೂ ಪಕ್ಷಗಾರರಾಗಲೇಬೇಕು. ಅವಳಿಗೆ ಪಾಲು ಬೇಡ ಅನ್ನಿಸಿದರೆ ನೋಂದಾಯಿತ ಹಕ್ಕು ಬಿಡುಗಡೆ ಪತ್ರ ಮಾಡಿಕೊಡಬಹುದು, ಓದಿ, ಅರ್ಥ ಮಾಡಿಕೊಂಡು. "ಸುಮ್ನೆ ಒಂದು ಸಹಿ ಹಾಕು" ಅಂತ ಮಾತ್ರ ಕೇಳಬೇಡಿ. ಅವಳಿಗೆ ವಕೀಲರು ಬೇಕಾದರೆ ತಾಲೂಕು ಕಾನೂನು ಸೇವಾ ಸಮಿತಿಯಲ್ಲಿ ಉಚಿತವಾಗಿ ಸಿಗುತ್ತಾರೆ. ಮಹಿಳೆಯರಿಗೆ ಆದಾಯದ ಮಿತಿ ಇಲ್ಲ.

ನಮ್ಮ ಮನೆಯ ದಾವೆಯ ಸುದ್ದಿ ನನಗೆ ಗೊತ್ತಾಗಿದ್ದು ಕೋರ್ಟಿನ ಸಮನ್ಸ್ ಕೈಗೆ ಬಂದಾಗ. ಮೂರನೇ ಪ್ರತಿವಾದಿ ಅಂತ ನನ್ನ ಹೆಸರಿತ್ತು. ಅತ್ತೆಯವರು ಪಕ್ಕದಲ್ಲೇ ನಿಂತಿದ್ದರು, ಏನದು ಅಂತ ಕೇಳಿದರು, ನನಗೆ ಹೇಳಲು ಮಾತು ಬರಲಿಲ್ಲ. ತಮ್ಮನ ಮೇಲೆ ನನಗೆ ಬೇರೆ ಯಾವ ಸಿಟ್ಟೂ ಇರಲಿಲ್ಲ. ಹಿಂದಿನ ದಿನ ಒಂದು ಫೋನ್ ಮಾಡಬಹುದಿತ್ತು ಅವನು. ನಿಮ್ಮ ತಂಗಿಗೆ ನೀವು ಇವತ್ತೇ ಮಾಡಿ.